ಅಪ್ಪನ ನಂಬರ್ ಬೇರೆ, ನನ್ನ ನಂಬರ್ ಬೇರೆ

ನಮ್ಮ ಮನೆಯಲ್ಲಿ ಒಂದು ವಾಟ್ಸಾಪ್ ಗ್ರೂಪ್ ಇತ್ತು. ಹೆಸರು ‘ಮಿಷನ್ 100’. ಸದಸ್ಯರು ಮೂವರೇ. ಕಲಬುರಗಿಯಲ್ಲಿರುವ ನಾನು, ಕಮಲಾಪುರದಲ್ಲಿರುವ ಅಪ್ಪ, ಅಪ್ಪನ ಪಕ್ಕದ ಓಣಿಯಲ್ಲೇ ಇರುವ ಅಕ್ಕ. ದಿನಾ ಬೆಳಿಗ್ಗೆ ಆರೂವರೆಗೆ ಅಪ್ಪ ಬೆರಳು ಚುಚ್ಚಿಕೊಂಡು ಗ್ಲುಕೋಮೀಟರ್‌ನ ಫೋಟೊ ಹಾಕಬೇಕು. ನಾನೂ ನನ್ನದು ಹಾಕಬೇಕು. 100ರ ಒಳಗೆ ಬಂದರೆ ಚಪ್ಪಾಳೆ ಇಮೋಜಿ, ಮೇಲಿದ್ದರೆ ಕೆಂಪು ಚುಕ್ಕೆ. ಗ್ರೂಪ್ ಮಾಡಿದ್ದು ನಾನೇ, ನಿಯಮವೂ ನನ್ನದೇ. ನಮ್ಮಂಥ ಐಟಿ ಮಂದಿಗೆ ಎಲ್ಲದಕ್ಕೂ ಒಂದು ಟಾರ್ಗೆಟ್, ಒಂದು ಡ್ಯಾಶ್‌ಬೋರ್ಡ್ ಇಲ್ಲದಿದ್ದರೆ ನಿದ್ದೆ ಹತ್ತಲ್ಲ ನೋಡಿ.

ನನಗೆ ಆಗ 35 ವರ್ಷ. ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ಎಚ್‌ಬಿಎ1ಸಿ 8.4 ಬಂದಿತ್ತು. ಒಂದು ವಾರ ಯಾರಿಗೂ ಹೇಳಿರಲಿಲ್ಲ. ಆಮೇಲೆ ಹೆದರಿಕೆಯೆಲ್ಲ ಶಿಸ್ತಾಗಿ ತಿರುಗಿತು. ಆ ಶಿಸ್ತನ್ನು ನನ್ನ ಮೇಲೆ ಮಾತ್ರ ಹೇರಿಕೊಂಡಿದ್ದರೆ ಈ ಅಂಕಣ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಅಪ್ಪನಿಗೆ 71. ಶುಗರ್ ಬಂದು 18 ವರ್ಷ. ಜೊತೆಗೆ ಬಿಪಿ, ಹೃದಯಕ್ಕೊಂದು ಸ್ಟೆಂಟ್, ಇತ್ತೀಚೆಗೆ ಸ್ವಲ್ಪ ಏರಿದ್ದ ಕ್ರಿಯಾಟಿನಿನ್. ಅವನ ಎಚ್‌ಬಿಎ1ಸಿ 7.8 ಇತ್ತು. ರಿಪೋರ್ಟ್‌ನ ಪಿಡಿಎಫ್‌ನಲ್ಲಿ ಆ 7.8ರ ಪಕ್ಕ ದಪ್ಪಕ್ಷರದಲ್ಲಿ ‘ಹೈ’ ಅಂತ ಇತ್ತು. ಅಷ್ಟು ಸಾಕಾಯಿತು ನನಗೆ.

ಅವ್ವ ತೀರಿಕೊಂಡ ಮೇಲೆ ಅಪ್ಪನ ಊಟ, ಗುಳಿಗೆ ನೋಡಿಕೊಳ್ಳುವುದು ಅಕ್ಕನೇ. ಅವಳು ಆಶಾ ಕಾರ್ಯಕರ್ತೆ. ಶುರುವಿನಲ್ಲೇ ಒಮ್ಮೆ ಅಂದಿದ್ದಳು, “ತಮ್ಮಾ, ವಯಸ್ಸಾದವರಿಗಿ ಇಷ್ಟು ಬಿಗಿ ಹಿಡೀಬ್ಯಾಡ.” ಅದಕ್ಕೆ ನಾನು ಒಂದು ಯೂಟ್ಯೂಬ್ ಲಿಂಕ್ ಕಳಿಸಿದ್ದೆ. ಹಳ್ಳಿ ಹಳ್ಳಿ ಸುತ್ತಿ ನೂರಾರು ಜನರ ಬಿಪಿ, ಶುಗರ್ ಬರೆದುಕೊಳ್ಳುವ ಹೆಂಗಸಿಗೆ ನಾನು ಲಿಂಕ್ ಕಳಿಸಿದೆ! ಈಗ ನೆನೆದರೆ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತದೆ.

ದಿನಾ ಬೆಳಿಗ್ಗೆ ಅಪ್ಪನ ಮೀಟರ್ 140, 152, 138 ಅಂತ ತೋರಿಸುತ್ತಿತ್ತು. ನಾನು ಕೆಂಪು ಚುಕ್ಕೆ ಹಾಕಿ ಫೋನ್ ಮಾಡುತ್ತಿದ್ದೆ.

“ರಾತ್ರಿ ಏನ್ ಉಂಡಿ ಅಪ್ಪಾ?”

“ಒಂದು ರೊಟ್ಟಿ, ಪುಂಡಿ ಪಲ್ಯ.”

“ಮತ್ತ 152 ಹ್ಯಾಂಗ ಬಂತು? ಖರೇ ಹೇಳು.”

ಅಪ್ಪ ಸುಮ್ಮನಾಗಿಬಿಡುತ್ತಿದ್ದ. ನಾಲ್ಕೈದು ವಾರ ಹೋದವು. ಆಮೇಲೆ ಅಂಕಿ ಇಳಿಯತೊಡಗಿತು. 118. 109. 96. ನಾನು ಚಪ್ಪಾಳೆ ಮೇಲೆ ಚಪ್ಪಾಳೆ ಹಾಕಿದೆ. ಆಫೀಸಿನಲ್ಲೂ ಹೇಳಿಕೊಂಡು ತಿರುಗಿದೆ.

ಡಿಸೆಂಬರ್ ತಿಂಗಳು, ನಮ್ಮ ಕಡೆ ತೊಗರಿ ರಾಶಿಯ ಹೊತ್ತು. ಅವತ್ತು ಅಪ್ಪ ಗುಳಿಗೆ ನುಂಗಿ, ಅರ್ಧ ರೊಟ್ಟಿ ಬಾಯಿಗೆ ಹಾಕಿಕೊಂಡು ಹೊಲಕ್ಕೆ ಹೋಗಿದ್ದಾನೆ. ಹನ್ನೊಂದು ಗಂಟೆಗೆ ಬಾಜೂ ಹೊಲದ ಹುಡುಗ ಅಕ್ಕನಿಗೆ ಫೋನ್ ಮಾಡಿದ. “ಅಕ್ಕಾ, ಮುತ್ಯಾ ಬದುವಿನ ಮ್ಯಾಲ ಕುಂತಾನ. ಇಷ್ಟು ಥಂಡಿಯಾಗ ಮೈಯೆಲ್ಲ ಬೆವತದ. ನಾ ಯಾರಂತ ಕೇಳಿದ್ರ ಹೇಳವಲ್ಲ.”

ಅಕ್ಕ ಮೀಟರ್ ಮತ್ತು ಸಕ್ಕರೆ ಡಬ್ಬಿ ಎರಡನ್ನೂ ಹಿಡಿದುಕೊಂಡೇ ಓಡಿದ್ದಾಳೆ. ಬೆರಳು ಚುಚ್ಚಿದರೆ 52. ನೀರಿಗೆ ನಾಲ್ಕು ಚಮಚ ಸಕ್ಕರೆ ಕದಡಿ ಕುಡಿಸಿದ್ದಾಳೆ. ಹದಿನೈದು ನಿಮಿಷ ಬಿಟ್ಟು ನೋಡಿದರೆ 81. ಆಗ ಅಪ್ಪ ಕಣ್ಣು ಬಿಟ್ಟು ಕೇಳಿದನಂತೆ, “ಯಾಕವ್ವಾ, ಹೊಲಕ್ಯಾಕ ಬಂದಿ?” ಅವನು ನುಂಗಿದ ಗುಳಿಗೆ ಮತ್ತೆ ಶುಗರ್ ಇಳಿಸಬಹುದು ಅಂತ ಸರ್ಕಾರಿ ಆಸ್ಪತ್ರೆಯಲ್ಲಿ ಸಂಜೆವರೆಗೂ ಕೂರಿಸಿಕೊಂಡರು.

ನಾನು ಹುಮನಾಬಾದ್ ರಸ್ತೆಯ ಬಸ್ ಹಿಡಿದು ಸಂಜೆಗೆ ಊರು ಮುಟ್ಟಿದೆ. ಅಪ್ಪ ಮಂಚದ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ನನ್ನನ್ನು ನೋಡಿ ಮೊದಲು ಹೇಳಿದ್ದು ಇದು: “ಫೋಟೊ ಛಲೋ ಬರ್ಲಿ ಅಂತ ರಾತ್ರಿ ಉಣ್ಣಾದು ಬಿಟ್ಟಿದ್ದೆ. ನೀ ಕೆಂಪು ಚುಕ್ಕಿ ಹಾಕ್ತಿ ನೋಡು, ಅದು ನೋಡ್ಲಾಕ ಆಗಂಗಿಲ್ಲ ನನಗ.”

ಅಕ್ಕ ಒಳಗೆ ಪಾತ್ರೆ ತೊಳೆಯುತ್ತಿದ್ದಳು. ಅವಳು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಆ ವಾರ ಇಬ್ಬರೂ ಕಲಬುರಗಿಗೆ ಬಂದು ಡಾಕ್ಟರ್ ಮೇಡಂ ಮುಂದೆ ಕೂತೆವು. ಮೇಡಂ ನನ್ನ ಫೋನ್ ಇಸಕೊಂಡು ಗ್ರೂಪನ್ನು ಮೇಲಿಂದ ಕೆಳಗೆ ನೋಡಿದರು. ನಗಲಿಲ್ಲ, ಬೈಯಲಿಲ್ಲ. “ಈ ನೂರು ಎಲ್ಲಿಂದ ಬಂತ್ರೀ?” ಅಂದರು. ನಾನು ಲ್ಯಾಬ್ ರಿಪೋರ್ಟ್ ತೋರಿಸಿದೆ. ಬಲಗಡೆಯ ಕಾಲಂನಲ್ಲಿ ಖಾಲಿಹೊಟ್ಟೆಯ ಶುಗರ್ 100ಕ್ಕಿಂತ ಕಡಿಮೆ, ಎಚ್‌ಬಿಎ1ಸಿ 5.7ಕ್ಕಿಂತ ಕಡಿಮೆ ಅಂತ ಪ್ರಿಂಟಾಗಿತ್ತಲ್ಲ.

“ಇದು ಶುಗರ್ ಇಲ್ಲದವರ ಲೆಕ್ಕರೀ. ಶುಗರ್ ಅದನೋ ಇಲ್ಲೋ ಅಂತ ನೋಡ್ಲಿಕ್ಕೆ ಇರೋದು. ಇದ್ದವರು ಮುಟ್ಟಬೇಕಾದ ಗುರಿ ಅಲ್ಲ.”

ನಮ್ಮಲ್ಲಿ ಅರ್ಧಕ್ಕರ್ಧ ಮಂದಿ ಎಡವುವುದು ಇಲ್ಲೇ ಅಂತ ನನಗೆ ಈಗ ಅನಿಸುತ್ತದೆ. ಲ್ಯಾಬಿನ ಕಂಪ್ಯೂಟರ್‌ಗೆ ನಿಮ್ಮ ವಯಸ್ಸು ಗೊತ್ತು, ನಿಮ್ಮ ಕಾಯಿಲೆಯ ಚರಿತ್ರೆ ಗೊತ್ತಿಲ್ಲ. ಎಲ್ಲರಿಗೂ ಒಂದೇ ಕಾಲಂ ಪ್ರಿಂಟ್ ಮಾಡುತ್ತದೆ. ಶುಗರ್ ಇರುವ ಬಹುತೇಕ ವಯಸ್ಕರಿಗೆ ಡಾಕ್ಟರುಗಳು ಇಟ್ಟುಕೊಳ್ಳುವ ಸಾಮಾನ್ಯ ಗುರಿ ಬೇರೆ: ಎಚ್‌ಬಿಎ1ಸಿ 7ರ ಒಳಗೆ, ಊಟಕ್ಕೆ ಮುಂಚೆ 80ರಿಂದ 130, ಊಟ ಶುರು ಮಾಡಿ ಒಂದೆರಡು ತಾಸಿಗೆ 180ರ ಒಳಗೆ. ಅದೂ ಎಲ್ಲರಿಗೂ ಅಂಟಿಸುವ ಚೀಟಿಯಲ್ಲ. ಅಲ್ಲಿಂದ ಮಾತು ಶುರು, ಅಷ್ಟೇ. ಗರ್ಭಿಣಿಯರಿಗಂತೂ ಲೆಕ್ಕವೇ ಬೇರೆ, ಇದಕ್ಕಿಂತ ಬಿಗಿ.

ಅಪ್ಪನಂಥವರಿಗೆ, ಅಂದರೆ ವಯಸ್ಸಾಗಿ, ಎರಡು ಮೂರು ಬೇರೆ ಕಾಯಿಲೆಗಳೂ ಇರುವವರಿಗೆ, ಎಚ್‌ಬಿಎ1ಸಿ 8ರ ಒಳಗೆ ಇದ್ದರೆ ಸಾಕು, ಬೆಳಗಿನ ಶುಗರ್ 90ರಿಂದ 150ರ ನಡುವೆ ಇರಲಿ ಅಂತ ಮೇಡಂ ಹೇಳಿದರು. ನಾನು ಅವಮಾನ ಅಂದುಕೊಂಡಿದ್ದ 7.8 ಅಪ್ಪನ ಮಟ್ಟಿಗೆ ಸರಿಯಾಗೇ ಇತ್ತು! ಕೆಂಪು ಚುಕ್ಕೆ ಬಿದ್ದಿದ್ದ 138, 140 ಕೂಡ ಸರಿಯಾಗೇ ಇದ್ದವು. 152 ಕೂಡ ಗೆರೆಗೆ ಕೂದಲೆಳೆಯಷ್ಟು ಆಚೆ.

ಯಾಕೆ ಹೀಗೆ? ಶುಗರ್ ಜಾಸ್ತಿ ಇದ್ದರೆ ಕಣ್ಣು, ಕಿಡ್ನಿ, ನರಗಳಿಗೆ ಆಗುವ ಹಾನಿ ವರ್ಷಗಟ್ಟಲೆ ನಿಧಾನಕ್ಕೆ ಸೇರುತ್ತಾ ಹೋಗುವಂಥದ್ದು. ಶುಗರ್ ಲೋ ಆದರೆ ಆಗುವ ಹಾನಿಗೆ ಹತ್ತು ನಿಮಿಷ ಸಾಕು. ಬದುವಿನ ಮೇಲೆ ಕೂತಿದ್ದ ಅಪ್ಪ ಬಾವಿ ದಂಡೆಯ ಮೇಲೆ ಕೂತಿದ್ದರೆ? ಬೈಕ್ ಮೇಲಿದ್ದರೆ? ಅಪ್ಪ ನುಂಗುತ್ತಿದ್ದ ಗ್ಲಿಮೆಪಿರೈಡ್ ಗುಳಿಗೆ ನೀವು ಉಂಡರೂ ಬಿಟ್ಟರೂ ಇನ್ಸುಲಿನ್ ಸುರಿಸುತ್ತಲೇ ಇರುತ್ತದೆ. ಕಿಡ್ನಿ ದುರ್ಬಲವಾದರೆ ಅದರ ಪ್ರಭಾವ ಇನ್ನೂ ಹೊತ್ತು ಉಳಿಯಬಹುದು. ಅದರ ಮೇಲೆ ಹೃದಯಕ್ಕೆ ಕೊಟ್ಟಿದ್ದ ಬೀಟಾ ಬ್ಲಾಕರ್. ಶುಗರ್ ಇಳಿದಾಗ ಕೈ ನಡುಗಿ, ಎದೆ ಹೊಡೆದುಕೊಂಡು ಸೂಚನೆ ಕೊಡುತ್ತದಲ್ಲ, ಅದನ್ನು ಈ ಗುಳಿಗೆ ಮುಚ್ಚಿಬಿಡಬಹುದು. ಬೆವರು ಮಾತ್ರ ಮುಚ್ಚಿಡೋಕೆ ಆಗಲ್ಲ. ಡಿಸೆಂಬರ್ ಥಂಡಿಯಲ್ಲಿ ಆ ಹುಡುಗನ ಕಣ್ಣಿಗೆ ಬಿದ್ದದ್ದು ಅದೇ.

ಬಿಗಿ ಹಿಡಿದಷ್ಟೂ ಒಳ್ಳೆಯದು ಅನ್ನೋದು ನನ್ನೊಬ್ಬನ ದಡ್ಡತನವಲ್ಲ ಅಂತ ಆಮೇಲೆ ಓದಿ ಸ್ವಲ್ಪ ಸಮಾಧಾನವಾಯಿತು. ಅಮೆರಿಕ ಮತ್ತು ಕೆನಡಾದಲ್ಲಿ ‘ಅಕಾರ್ಡ್’ ಅನ್ನುವ ದೊಡ್ಡ ಅಧ್ಯಯನ ನಡೆದಿತ್ತು. ಅದರಲ್ಲಿ 10,251 ಜನ. ಎಲ್ಲರಿಗೂ ಶುಗರ್ ಇತ್ತು, ಹೃದ್ರೋಗ ಅಥವಾ ಅದರ ಅಪಾಯವೂ ಇತ್ತು. ಅರ್ಧ ಜನರ ಎಚ್‌ಬಿಎ1ಸಿಯನ್ನು 6ರ ಒಳಗೆ ತರುವ ಪ್ರಯತ್ನ, ಉಳಿದ ಅರ್ಧ ಜನರಿಗೆ 7ರಿಂದ 7.9ರ ಗುರಿ. ಬಿಗಿ ಹಿಡಿದ ಗುಂಪಿನಲ್ಲಿ 257 ಸಾವು, ಸಡಿಲ ಬಿಟ್ಟ ಗುಂಪಿನಲ್ಲಿ 203. 2008ರ ಫೆಬ್ರುವರಿಯಲ್ಲಿ ಆ ಬಿಗಿ ಚಿಕಿತ್ಸೆಯನ್ನು ಅರ್ಧಕ್ಕೇ ನಿಲ್ಲಿಸಿದರು. ಸಾವು ಹೆಚ್ಚಿದ್ದು ಏತಕ್ಕೆ ಅಂತ ತಜ್ಞರು ಇನ್ನೂ ವಾದ ಮಾಡುತ್ತಾರೆ. ಆದರೆ ಎಲ್ಲರನ್ನೂ ಒಂದೇ ಗೆರೆಯ ಕೆಳಗೆ ತಳ್ಳುವ ಹಟ ಆಮೇಲೆ ಕಡಿಮೆಯಾಯಿತು.

ಮೇಡಂ ಅಪ್ಪನ ಗುಳಿಗೆಯ ಡೋಸ್ ಇಳಿಸಿದರು. “ಕಾಕಾ, ಇನ್ಮ್ಯಾಲ ಉಣ್ಣದೇ ಈ ಗುಳಿಗಿ ತಗೋಬ್ಯಾಡ್ರಿ. ಶ್ರಾವಣ ಸೋಮವಾರ ಉಪವಾಸ ಮಾಡೋದಿದ್ರೆ ಮೊದಲೇ ನನಗ ಕೇಳ್ರಿ.” ಡೋಸ್ ಇಳಿಸಿದ್ದು ಡಾಕ್ಟರು, ನಾನಲ್ಲ. ಇದನ್ನು ಓದಿ ನಿಮ್ಮ ಅಪ್ಪನ ಗುಳಿಗೆಯನ್ನು ನೀವೇ ಅರ್ಧ ಮುರಿಯಬೇಡಿ, ದಯವಿಟ್ಟು.

ಅಪ್ಪನಿಗೆ ಸಡಿಲ ಸಿಕ್ಕಿತಲ್ಲ, ನನಗೂ ಸಿಗುತ್ತದೆ ಅಂತ ಕಾದೆ. ಸಿಗಲಿಲ್ಲ. “ನಿಮಗ ಬರೇ 35. ಇನ್ನ ನಲವತ್ತು ವರ್ಷ ಈ ಕಣ್ಣು, ಈ ಕಿಡ್ನಿ ನಡೀಬೇಕು. ನಿಮಗ 7ರ ಒಳಗ ಬೇಕು. ಲೋ ಆಗದೇ 6.5ಕ್ಕ ಬಂದ್ರ ಇನ್ನೂ ಛಲೋ.” ನನ್ನದು ಮೆಟ್‌ಫಾರ್ಮಿನ್ ಒಂದೇ. ಅದೊಂದರಿಂದಲೇ ಶುಗರ್ ಲೋ ಆಗುವುದು ಅಪರೂಪ. ಹಾಗಾಗಿ ನನಗೆ ಬಿಗಿ ಗುರಿಯಿಂದ ಅಪಾಯ ಕಡಿಮೆ, ಲಾಭ ಜಾಸ್ತಿ. ಇದಕ್ಕೂ ಒಂದು ಹಳೆಯ ಪುರಾವೆ ಇದೆ. ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನದಲ್ಲಿ ಹೊಸದಾಗಿ ಶುಗರ್ ಬಂದವರನ್ನು ಸುಮಾರು ಹತ್ತು ವರ್ಷ ಗಮನಿಸಿದರು. ಒಂದು ಗುಂಪಿನ ಎಚ್‌ಬಿಎ1ಸಿ 7.0, ಇನ್ನೊಂದರದ್ದು 7.9. ಒಂದಕ್ಕೂ ಕಡಿಮೆ ಅಂತರ. ಆದರೆ ಕಣ್ಣು, ಕಿಡ್ನಿಯಂಥ ಸಣ್ಣ ರಕ್ತನಾಳಗಳ ತೊಂದರೆ ಮೊದಲ ಗುಂಪಿನಲ್ಲಿ ಶೇ. 25ರಷ್ಟು ಕಡಿಮೆ ಅಂತ 1998ರಲ್ಲಿ ವರದಿ ಬಂತು. ಮುಂದೆ ಎರಡೂ ಗುಂಪುಗಳ ಶುಗರ್ ಒಂದೇ ಮಟ್ಟಕ್ಕೆ ಬಂದ ಮೇಲೂ, ಮೊದಲು ಹತೋಟಿಯಲ್ಲಿಟ್ಟವರಿಗೆ ಲಾಭ ವರ್ಷಗಟ್ಟಲೆ ಉಳಿದಿತ್ತು. ಶುರುವಿನ ವರ್ಷಗಳಲ್ಲಿ ಮಾಡಿದ್ದು ಬ್ಯಾಂಕಿನಲ್ಲಿಟ್ಟ ಹಾಗೆ.

ಐಸಿಎಂಆರ್ ನೆರವಿನ ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಕೊಟ್ಟ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಶುಗರ್ ಇದೆ. ನಿಮ್ಮ ಆಫೀಸಿನ ಕ್ಯಾಂಟೀನ್ ಸಾಲಿನಲ್ಲಿ ನನ್ನಂಥವರು ಒಬ್ಬಿಬ್ಬರು ಇದ್ದೇ ಇರುತ್ತಾರೆ.

8.4ರಿಂದ ಸೀದಾ 6.5ಕ್ಕೆ ಹಾರುವ ಪ್ಲಾನ್ ನನ್ನದು. ಮೇಡಂ ಅದನ್ನೂ ಮುರಿದರು. “ಮೂರು ತಿಂಗಳಿಗೆ 7.7 ತಗೊಂಡು ಬರ್ರಿ, ಮುಂದಿಂದು ಮುಂದ ನೋಡೋಣ.” ಎಚ್‌ಬಿಎ1ಸಿ ಅಂದರೆ ಕೆಂಪು ರಕ್ತಕಣಗಳಿಗೆ ಅಂಟಿಕೊಂಡ ಸಕ್ಕರೆಯ ಲೆಕ್ಕ. ಆ ಕಣಗಳ ಆಯಸ್ಸು ಸುಮಾರು 120 ದಿನ. ಹಾಗಾಗಿ ಈ ಟೆಸ್ಟ್ ಸುಮಾರು ಮೂರು ತಿಂಗಳ ಸರಾಸರಿ ಹೇಳುತ್ತದೆ. ಪ್ರತಿ ತಿಂಗಳು ಲ್ಯಾಬಿಗೆ ಓಡುವುದು ದುಡ್ಡು ದಂಡ. 7 ಅಂದರೆ ಸರಾಸರಿ ಸುಮಾರು 154, 8 ಅಂದರೆ 183. ನನ್ನ 8.4 ಅಂದರೆ ದಿನದ ಎಲ್ಲ ಹೊತ್ತು ಸೇರಿಸಿ ಸರಾಸರಿ 194ರ ಆಸುಪಾಸು. ಅಲ್ಲಿಂದ ಮರುದಿನವೇ 100 ಕೇಳುತ್ತಿದ್ದೆ ನಾನು!

ಮೂರು ತಿಂಗಳಿಗೆ 7.6 ಬಂತು. ಆರಕ್ಕೆ 7.2. ಆಮೇಲೆ ಮದುವೆ ಸೀಸನ್, ಒಂದು ಪ್ರಾಜೆಕ್ಟ್ ರಿಲೀಸ್, ಮತ್ತೆ 7.4. ಈಗ 6.9. ಗೆರೆ ನೇರ ಇಳಿಯಲ್ಲ, ಅದನ್ನು ನೋಡಿ ಅಭ್ಯಾಸವಾಗಬೇಕು. ಇಲ್ಲೊಂದು ಎಚ್ಚರಿಕೆ: ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ದಾರಿ ತಪ್ಪಿಸಬಹುದು. ಕಬ್ಬಿಣಾಂಶ ಕಡಿಮೆ ಇದ್ದರೆ ಇರುವುದಕ್ಕಿಂತ ಜಾಸ್ತಿ ತೋರಿಸುವುದುಂಟು. ಮೀಟರ್ ಒಂದು ಹೇಳಿ ಲ್ಯಾಬ್ ಇನ್ನೊಂದು ಹೇಳುತ್ತಿದ್ದರೆ ಹಿಮೋಗ್ಲೋಬಿನ್ ಎಷ್ಟಿದೆ ಅಂತ ಡಾಕ್ಟರಿಗೆ ತೋರಿಸಿ. ಹೆಣ್ಣುಮಕ್ಕಳಂತೂ ಕೇಳಲೇಬೇಕು.

ಇನ್ನು ಆ ಬೆಳಗಿನ 152ರ ಕಥೆ. ಅಪ್ಪ ಸುಳ್ಳು ಹೇಳುತ್ತಿದ್ದಾನೆ ಅಂತ ನಾನು ಖಾತ್ರಿ ಮಾಡಿಕೊಂಡಿದ್ದೆನಲ್ಲ, ಅವನು ನಿಜವಾಗಿಯೂ ಒಂದೇ ರೊಟ್ಟಿ ಉಂಡಿದ್ದ. ಬೆಳಗಿನ ಜಾವ ದೇಹ ಏಳುವ ತಯಾರಿ ಮಾಡುವಾಗ ಲಿವರ್ ತಾನೇ ಸಕ್ಕರೆ ಬಿಡುಗಡೆ ಮಾಡುತ್ತದೆ. ಶುಗರ್ ಇಲ್ಲದವರಲ್ಲಿ ಇನ್ಸುಲಿನ್ ಅದನ್ನು ಸರಿದೂಗಿಸುತ್ತದೆ, ಇದ್ದವರಲ್ಲಿ ಪೂರ್ತಿ ಆಗಲ್ಲ. ರಾತ್ರಿ ಏನು ತಿಂದಿ ಅಂತ ಪೊಲೀಸರ ಥರ ವಿಚಾರಿಸುವ ಮುಂಚೆ ನನಗೆ ಇಷ್ಟು ಗೊತ್ತಿದ್ದರೆ ಸಾಕಿತ್ತು.

ಮೀಟರ್ ಕೂಡ ತಕ್ಕಡಿಯಷ್ಟು ಕರಾರುವಾಕ್ ಅಲ್ಲ. ಅಂತಾರಾಷ್ಟ್ರೀಯ ಮಾನದಂಡವೇ ಅದಕ್ಕೆ ಶೇ. 15ರಷ್ಟು ಆಚೆ ಈಚೆ ಆಗಲು ಬಿಟ್ಟಿದೆ. ನಿಜವಾಗಿ 140 ಇದ್ದ ರಕ್ತ 119 ತೋರಿಸಿದರೂ 161 ತೋರಿಸಿದರೂ ಮೀಟರ್ ಪಾಸ್. ನಿನ್ನೆ 132, ಇವತ್ತು 141, ‘ಒಂಬತ್ತು ಏರಿತು’ ಅಂತ ಕೊರಗುವುದರಲ್ಲಿ ಅರ್ಥ ಇಲ್ಲ. ವಾರದ ಒಟ್ಟು ನಡಿಗೆ ನೋಡಿ. ಕೈ ತೊಳೆದು ಒರೆಸಿಕೊಂಡು ಚುಚ್ಚಿ. ಹಣ್ಣು ಸುಲಿದ ಬೆರಳಲ್ಲೇ ಚುಚ್ಚಿದರೆ ಹಣ್ಣಿನ ಶುಗರ್ ಬರುತ್ತದೆ, ನಿಮ್ಮದಲ್ಲ. ಸ್ಟ್ರಿಪ್ ಡಬ್ಬಿಯನ್ನು ನಮ್ಮ ಕಲಬುರಗಿ ಬೇಸಿಗೆಯಲ್ಲಿ ಬೈಕಿನ ಡಿಕ್ಕಿಯಲ್ಲಿ ಬಿಟ್ಟರಂತೂ ಅದು ಏನು ಬೇಕಾದರೂ ಹೇಳೀತು.

ನಾನೀಗ ದಿನಾ ಚುಚ್ಚುವುದಿಲ್ಲ. ವಾರಕ್ಕೆರಡು ಸಲ, ಒಂದು ಊಟದ ಮುಂಚೆ ಮತ್ತು ಅದೇ ಊಟದ ಎರಡು ತಾಸಿನ ನಂತರ. ಆ ಜೋಡಿ ಅಂಕಿಯಿಂದ ತಟ್ಟೆಯ ಬಗ್ಗೆ ಏನೋ ಗೊತ್ತಾಗುತ್ತದೆ. ಉದಾಹರಣೆಗೆ ಜೋಳದ ರೊಟ್ಟಿ. ಜೋಳ ತಿಂದರೆ ಶುಗರ್ ಬರಲ್ಲ ಅನ್ನುವುದು ನಮ್ಮ ಭಾಗದ ದೊಡ್ಡ ನಂಬಿಕೆ. ನಾನೂ ನಂಬಿ ಮೂರು ರೊಟ್ಟಿ ಏರಿಸುತ್ತಿದ್ದೆ. ಎರಡು ತಾಸಿಗೆ 214! ಜೋಳದ ಹಿಟ್ಟಿನಲ್ಲೂ ಸುಮಾರು ಮೂರರಲ್ಲಿ ಎರಡು ಪಾಲು ಪಿಷ್ಟವೇ. ನಾರು ಇದೆ, ಒಳ್ಳೆಯದೇ, ಆದರೆ ಲೆಕ್ಕದಿಂದ ಹೊರಗಲ್ಲ. ಈಗ ಒಂದೂವರೆ ರೊಟ್ಟಿ, ಜೊತೆಗೆ ಬಟ್ಟಲು ತುಂಬ ತೊಗರಿ ಬ್ಯಾಳಿ, ಪಲ್ಯ, ಹಸಿ ಸೌತೆ. ಉಂಡ ಮೇಲೆ ಓಣಿಯಲ್ಲಿ ಹದಿನೈದು ನಿಮಿಷ ತಿರುಗಾಟ. ಹೆಚ್ಚಿನ ದಿನ 160–170. ನನ್ನ ಗುರಿಯ ಒಳಗೆ. ಇದು ನನ್ನ ಮೈಯ ಲೆಕ್ಕ, ನಿಮ್ಮದು ಬೇರೆ ಬರಬಹುದು.

ಅಪ್ಪನ ಜೇಬಿನಲ್ಲಿ ಈಗ ಎರಡು ವಸ್ತು ಖಾಯಂ. ಒಂದು, ಗ್ಲೂಕೋಸ್ ಪುಡಿಯ ಚಿಕ್ಕ ಪೊಟ್ಟಣ. ಇನ್ನೊಂದು, ಅಕ್ಕ ಬರೆದುಕೊಟ್ಟ ಚೀಟಿ: ‘ನನಗೆ ಶುಗರ್ ಇದೆ, ಬೆವತು ತಬ್ಬಿಬ್ಬಾಗಿದ್ದರೆ ಸಕ್ಕರೆ ನೀರು ಕೊಡಿ’, ಕೆಳಗೆ ಅವಳ ನಂಬರ್. 70ಕ್ಕಿಂತ ಕೆಳಗೆ ಹೋದರೆ ಸುಮಾರು 15 ಗ್ರಾಂ ಸಕ್ಕರೆ ಅಥವಾ ಗ್ಲೂಕೋಸ್, 15 ನಿಮಿಷ ಬಿಟ್ಟು ಮತ್ತೆ ನೋಡುವುದು, ಏರಿಲ್ಲದಿದ್ದರೆ ಮತ್ತಷ್ಟು, ಏರಿದ ಮೇಲೆ ಏನಾದರೂ ಉಣ್ಣುವುದು. 54ರ ಕೆಳಗೆ ಅಂದರೆ ಗಂಭೀರ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ಉಸಿರಿನ ನಾಳಕ್ಕೆ ಹೋದೀತು. 108ಕ್ಕೆ ಫೋನ್ ಮಾಡಿ. ಚಾಕೊಲೇಟ್ ಆ ಹೊತ್ತಿಗೆ ಉಪಯೋಗವಿಲ್ಲ, ಅದರ ಕೊಬ್ಬು ಸಕ್ಕರೆಯನ್ನು ತಡ ಮಾಡುತ್ತದೆ. ಬಾಜೂ ಹೊಲದ ಹುಡುಗನಿಗೂ ಇದೆಲ್ಲ ಹೇಳಿಕೊಟ್ಟಿದ್ದೇವೆ.

ಮುಂದಿನ ಸಲ ಅಪ್ಪ ಅಮ್ಮನ ಜೊತೆ ಡಾಕ್ಟರ್ ಹತ್ತಿರ ಹೋದಾಗ ‘ಶುಗರ್ ಎಷ್ಟಿದೆ’ ಅಂತ ಕೇಳಿ ಎದ್ದು ಬರಬೇಡಿ. ‘ಇವರಿಗೆ ಎಷ್ಟಿರಬೇಕು? ಎಷ್ಟರ ಕೆಳಗೆ ಹೋಗಬಾರದು? ಈ ಗುಳಿಗೆಯಲ್ಲಿ ಲೋ ಆಗುವಂಥದ್ದು ಯಾವುದು?’ ಅಂತ ಕೇಳಿ ಚೀಟಿಯ ಹಿಂದೆ ಬರೆಸಿಕೊಳ್ಳಿ. ದೂರದ ಊರಲ್ಲಿ ಕೂತು ಮೀಟರ್ ಫೋಟೊ ತರಿಸಿಕೊಳ್ಳುವ ನನ್ನಂಥ ಮಕ್ಕಳು ಕೇಳಬೇಕಾದ್ದು ಕೊನೆಯ ಪ್ರಶ್ನೆಯನ್ನೇ. ನಾನು ಕೇಳಿರಲಿಲ್ಲ.

ಗ್ರೂಪ್ ಇನ್ನೂ ಇದೆ. ಹೆಸರು ಅಕ್ಕ ಬದಲಿಸಿದ್ದಾಳೆ: ‘ಉಂಡ್ರ್ಯಾ?’ ಅಡ್ಮಿನ್ ಕೂಡ ಈಗ ಅವಳೇ, ನನ್ನನ್ನು ಇಳಿಸಿದ್ದಾಳೆ. ಚುಕ್ಕೆ ಹಾಕುವ ಅಧಿಕಾರ ಯಾರಿಗೂ ಇಲ್ಲ. ಅಪ್ಪ ಒಮ್ಮೊಮ್ಮೆ ಫೋಟೊ ಹಾಕುತ್ತಾನೆ, ಒಮ್ಮೊಮ್ಮೆ ಇಲ್ಲ. ಹೋದ ವಾರ ತೋಟದವರೊಬ್ಬರು ನಮ್ಮೂರ ಕೆಂಪು ಬಾಳೆಯ ಚಿಪ್ಪು ಕೊಟ್ಟು ಹೋಗಿದ್ದರಂತೆ. ಕಮಲಾಪುರದ ಕೆಂಪು ಬಾಳೆಗೆ ಜಿಐ ಟ್ಯಾಗ್ ಬೇರೆ ಇದೆ, ಅದರ ಮುಂದೆ ಯಾವ ಡಯಟ್ ಚಾರ್ಟೂ ನಿಲ್ಲಲ್ಲ. ಅವತ್ತು ಮಧ್ಯಾಹ್ನ ಅಪ್ಪನಿಂದ ಒಂದು ಫೋಟೊ ಬಂತು, ಕೆಳಗೆ ವಾಯ್ಸ್ ನೋಟ್.

“ಅರ್ಧ ಹಣ್ಣು ತಿಂದೀನಿ. ಉಳಿದರ್ಧ ನಿಮ್ಮಕ್ಕ ಕಸಕೊಂಡಾಳ. ಎರಡು ತಾಸಿಗಿ 163. ಕೈ ತೊಳಕೊಂಡೇ ಚುಚ್ಚೀನಿ, ಮತ್ತ ಫೋನ್ ಮಾಡ್ಬ್ಯಾಡ.”